ಟ್ಯಾಬ್ ಬದಲಾಯಿಸಿ ವಾಪಸ್ ಬಂದ್ರೆ ಅರ್ಧ ತುಂಬಿದ ತೂಕದ ಪಟ್ಟಿ ಮಾಯ, ಯಾರಿಗಾದ್ರೂ ಗೊತ್ತಾ?

ಮೂಡಿಗೆರೆ_ಮಳೆ:
ನಮಸ್ಕಾರ ಎಲ್ರಿಗೂ. ಕಾಫಿ ತೋಟದ ಲೆಕ್ಕಕ್ಕೆ ಅಂತ ಒಂದು ಆಂಡ್ರಾಯ್ಡ್ ಆ್ಯಪ್ ಮಾಡ್ತಾ ಇದೀನಿ, ಭಾಷೆ ಕಾಟ್ಲಿನ್, ಸ್ಕ್ರೀನ್ ಕಟ್ಟಕ್ಕೆ ಕಂಪೋಸ್, ಜೊತೆಗೆ ಸ್ಕ್ರೀನಿಂದ ಸ್ಕ್ರೀನಿಗೆ ಹೋಗಕ್ಕೆ ನ್ಯಾವಿಗೇಶನ್ ಕಂಪೋಸ್ ಲೈಬ್ರರಿ. ಕೆಳಗೆ ನಾಲ್ಕು ಟ್ಯಾಬು, ಹಾಜರಿ, ತೂಕ, ಮಳೆ, ರೇಟು. ತೂಕದ ಟ್ಯಾಬ್ ಒಳಗೆ ಮೊದಲು ಯಾವ ಬ್ಲಾಕು ಅಂತ ಆರಿಸ್ಬೇಕು, ಆಮೇಲೆ ಯಾವ ಮೇಸ್ತ್ರಿ ಆಳುಗಳು ಅಂತ, ಆಮೇಲೆ ಒಬ್ಬೊಬ್ಬರ ಹೆಸರಿನ ಮುಂದೆ ಎಷ್ಟು ಕೆಜಿ ಹಣ್ಣು ಕುಯ್ದ್ರು ಅಂತ ಹಾಕ್ತಾ ಹೋಗೋದು. ಅಂದ್ರೆ ರೈಟರ್ (ತೋಟದ ಲೆಕ್ಕ ಬರೆಯೋರು) ಅನ್ನೋರು ಮೂರು ಸ್ಕ್ರೀನ್ ಒಳಗೆ ಹೋಗಿ ಕೂತಿರ್ತಾರೆ.

ಈಗ ಆಗ್ತಿರೋದು ಏನಪ್ಪ ಅಂದ್ರೆ, ಅರ್ಧ ಪಟ್ಟಿ ತುಂಬಿರೋವಾಗ ಧಣಿಗಳು ಫೋನ್ ಮಾಡಿ ರೋಬಸ್ಟಾ ಚೆರಿ ಇವತ್ತು ಎಷ್ಟಿದೆ ನೋಡಿ ಅಂತಾರೆ, ಇವ್ರು ರೇಟು ಟ್ಯಾಬ್ ಒತ್ತಿ ನೋಡಿ ಹೇಳಿ ತಿರ್ಗಾ ತೂಕ ಒತ್ತಿದ್ರೆ ಮತ್ತೆ ಬ್ಲಾಕ್ ಆರಿಸಿ ಅನ್ನೋ ಮೊದಲ್ನೇ ಸ್ಕ್ರೀನೇ ಬರ್ತದೆ, ತುಂಬಿದ್ದು ಏನೂ ಇಲ್ಲ. ಇನ್ನೊಂದು ವಿಚಿತ್ರ, ಅಲ್ಲಿಂದ ಬ್ಯಾಕ್ ಒತ್ತುತ್ತಾ ಹೋದ್ರೆ ರೇಟು ಬರ್ತದೆ, ಇನ್ನೊಂದ್ಸಲ ಒತ್ತಿದ್ರೆ ಆ ಹಳೇ ಅರ್ಧ ತುಂಬಿದ ಪಟ್ಟಿ ನಂಬರ್ ಸಮೇತ ಹಾಗೇ ಸಿಗ್ತದೆ! ಅಂದ್ರೆ ಎಲ್ಲೂ ಹೋಗಿಲ್ಲ, ಕೆಳಗೆಲ್ಲೋ ಹೂತಿದೆ. ಇದು ಯಾಕೆ ಅಂತ ತಲೆಗೆ ಹೊಳೀತಿಲ್ಲ ಮಾರಾಯ್ರೆ.

ಫೈನಲ್_ಇಯರ್_ಹಾಸನ:
ಅಣ್ಣ ಬಾಟಮ್ ಬಾರ್ ಕ್ಲಿಕ್ಕಲ್ಲಿ ಲಾಂಚ್‌ಸಿಂಗಲ್‌ಟಾಪ್ ಟ್ರೂ, ರಿಸ್ಟೋರ್‌ಸ್ಟೇಟ್ ಟ್ರೂ ಹಾಕಿದೀರಾ? ನಾವು ಕಾಲೇಜ್ ಪ್ರಾಜೆಕ್ಟಲ್ಲಿ ಅದು ಹಾಕಿದ ತಕ್ಷಣ ಸರಿ ಹೋಯ್ತು.

ಮೂಡಿಗೆರೆ_ಮಳೆ:
ಎರಡೂ ಇದೆ. ಪಾಪ್‌ಅಪ್‌ಟು (ಇಂಥ ಸ್ಕ್ರೀನ್ ತನಕ ಮೇಲಿರೋದನ್ನ ತೆಗಿ ಅನ್ನೋದು) ಒಳಗೆ ಗ್ರಾಫಿನ (ಸ್ಕ್ರೀನುಗಳ ನಕ್ಷೆ) ಫೈಂಡ್‌ಸ್ಟಾರ್ಟ್‌ಡೆಸ್ಟಿನೇಶನ್ ಕೊಟ್ಟು ಸೇವ್‌ಸ್ಟೇಟ್ ಟ್ರೂ ಅಂತಾನೂ ಇದೆ. ಆಂಡ್ರಾಯ್ಡ್ ಡಾಕ್ಯುಮೆಂಟೇಶನ್‌ನಲ್ಲಿ ಇರೋದು ಇದೇ ತಾನೆ, ಅಕ್ಷರ ಬಿಡದೆ ಹಾಗೇ ಹಾಕಿದೀನಿ.

ಬಿಎಂ_ರೋಡ್_ಬಗ್:
ಗುರು ಕೋಡ್ ನೋಡದೇನೆ ಒಂದು ಗೆಸ್ ಹೇಳ್ತೀನಿ. ನಿಮ್ಮ ನ್ಯಾವ್‌ಹೋಸ್ಟ್‌ನ ಸ್ಟಾರ್ಟ್ ಡೆಸ್ಟಿನೇಶನ್, ಅಂದ್ರೆ ಮೊದಲು ತೆರೆಯೋ ಸ್ಕ್ರೀನ್, ಯಾವ್ದು? ಲಾಗಿನ್ ಸ್ಕ್ರೀನಾ?

ಮೂಡಿಗೆರೆ_ಮಳೆ:
ಹೌದು. ಲಾಗಿನ್ ಆದ್ಮೇಲೆ ಹಾಜರಿಗೆ ಕಳಿಸ್ತೀನಿ, ಬ್ಯಾಕ್ ಒತ್ತಿದ್ರೆ ಮತ್ತೆ ಲಾಗಿನ್ ಬರಬಾರ್ದಲ್ಲ, ಅದಕ್ಕೆ ಲಾಗಿನ್ ತನಕ ಪಾಪ್ ಮಾಡಿ ಇನ್‌ಕ್ಲೂಸಿವ್ ಟ್ರೂ.

ಬಿಎಂ_ರೋಡ್_ಬಗ್:
ಹಂಗಾದ್ರೆ ಕಳ್ಳ ಅಲ್ಲೇ ಸಿಕ್ದ. ನೋಡಿ, ಟ್ಯಾಬ್ ಒತ್ತಿದಾಗ ಆಗಬೇಕಾಗಿರೋದು ಇದು: ಸ್ಟಾರ್ಟ್ ಡೆಸ್ಟಿನೇಶನ್ ಮೇಲೆ ಏನೇನು ಸ್ಕ್ರೀನ್ ಕೂತವೆ ಎಲ್ಲಾ ಎತ್ತಿ ಪಕ್ಕಕ್ಕೆ ಇಡೋದು, ಎತ್ತಿಡುವಾಗ ಅವುಗಳ ಸ್ಟೇಟ್ (ಆ ಹೊತ್ತಿನ ಸ್ಥಿತಿ) ಉಳಿಸ್ಕೊಳೋದು, ಅದೇ ಸೇವ್‌ಸ್ಟೇಟು. ಆಮೇಲೆ ಹೋಗ್ತಿರೋ ಟ್ಯಾಬಿಗೆ ಹಿಂದೆ ಯಾವಾಗಾದ್ರೂ ಎತ್ತಿಟ್ಟಿದ್ದು ಇದ್ರೆ ಅದನ್ನ ತಂದು ಕೂರ್ಸೋದು, ಅದು ರಿಸ್ಟೋರ್‌ಸ್ಟೇಟು. ಬಸ್ಸಲ್ಲಿ ಕಿಟಕಿಯಿಂದ ಸೀಟಿಗೆ ಟವಲ್ ಹಾಕಿ ಹೋಗೋದು, ಆಮೇಲೆ ಬಂದು ಅದೇ ಸೀಟಲ್ಲಿ ಕೂರೋದು, ಅಷ್ಟೇ. ಆದ್ರೆ ನಿಮ್ಮ ಕೇಸಲ್ಲಿ ಟವಲ್ ಬಿದ್ದೇ ಇಲ್ಲ. ಯಾಕಂದ್ರೆ ಪಾಪ್ ಮಾಡ್ಬೇಕಾಗಿರೋದು ಲಾಗಿನ್ ತನಕ, ಲಾಗಿನ್ ಅನ್ನೋದನ್ನ ನೀವು ಆಗ್ಲೇ ಸ್ಟ್ಯಾಕಿಂದ (ಒಂದರ ಮೇಲೊಂದು ಪೇರಿಸಿರೋ ಸ್ಕ್ರೀನುಗಳ ರಾಶಿ) ಕಿತ್ತಾಕಿದೀರ. ಇಲ್ಲದೇ ಇರೋ ಕಡೆ ತನಕ ಪಾಪ್ ಮಾಡು ಅಂದ್ರೆ ಅದು ಪಾಪ್ ಮಾಡೋದೇ ಇಲ್ಲ, ಕ್ರ್ಯಾಶೂ ಆಗಲ್ಲ, ಸುಮ್ನೆ ಹೊಸ ಟ್ಯಾಬನ್ನ ಮೇಲೆ ಪೇರಿಸ್ತದೆ. ಅದಕ್ಕೇ ಬ್ಯಾಕ್ ಒತ್ತಿದ್ರೆ ಒಂದೊಂದೇ ಹಳೇದು ಬರ್ತಿರೋದು.

ಲಾಗ್‌ಕ್ಯಾಟ್ (ಆ್ಯಪ್ ಓಡುವಾಗ ಬೀಳೋ ಲಾಗ್ ಸಾಲುಗಳು) ತೆಗೆದು ಇಗ್ನೋರಿಂಗ್ ಪಾಪ್‌ಬ್ಯಾಕ್‌ಸ್ಟ್ಯಾಕ್ ಅಂತ ಹುಡುಕಿ. ಬರೀ ಇನ್ಫೋ ಲೆವೆಲ್ಲಲ್ಲಿ ಬರ್ತದೆ, ಎರರ್ ಫಿಲ್ಟರ್ ಹಾಕ್ಕೊಂಡು ಕೂತ್ರೆ ಜನ್ಮದಲ್ಲಿ ಕಾಣಲ್ಲ.

ಮೂಡಿಗೆರೆ_ಮಳೆ:
ಇದೆ ಮಾರಾಯ! ಪ್ರತಿ ಟ್ಯಾಬ್ ಕ್ಲಿಕ್ಕಿಗೂ ಒಂದೊಂದು ಸಾಲು ಸಾಲಾಗಿ ಬಿದ್ದಿದೆ. ಈಗ ಲಾಗಿನ್ನನ್ನ ಎಲ್ಲಿಡೋದು?

ಬಿಎಂ_ರೋಡ್_ಬಗ್:
ಗೂಗಲ್‌ನೋರು ಹೇಳೋ ಪ್ರಕಾರ ಆ್ಯಪಿಗೆ ಒಂದು ಖಾಯಂ ಸ್ಟಾರ್ಟ್ ಡೆಸ್ಟಿನೇಶನ್ ಇರ್ಬೇಕು, ಲಾಂಚರ್ ಒತ್ತಿದಾಗ ಮೊದ್ಲು ಕಾಣೋದೂ ಅದೇ, ಬ್ಯಾಕ್ ಒತ್ತಿ ಹೊರಗೆ ಹೋಗೋ ಮುಂಚೆ ಕೊನೇಗೆ ಕಾಣೋದೂ ಅದೇ. ಲಾಗಿನ್, ಮೊದಲ ಸಲದ ಪರಿಚಯದ ಪುಟ, ಇವೆಲ್ಲ ಆ ಲೆಕ್ಕಕ್ಕೆ ಬರಲ್ಲ. ಹಂಗಾಗಿ ಹಾಜರಿಯನ್ನೇ ಸ್ಟಾರ್ಟ್ ಮಾಡಿ, ಲಾಗಿನ್ ಆಗಿಲ್ಲ ಅಂದ್ರೆ ಹಾಜರಿಯಿಂದ ಲಾಗಿನ್ನಿಗೆ ಕಳ್ಸಿ, ಆದ್ಮೇಲೆ ಅದನ್ನ ಪಾಪ್ ಮಾಡಿ. ಅಷ್ಟೆಲ್ಲ ಈಗ ಬದಲಾಯಿಸಕ್ಕೆ ಟೈಮ್ ಇಲ್ಲ ಅಂದ್ರೆ ಬಾಟಮ್ ಬಾರ್ ಕೋಡಲ್ಲಿ ಫೈಂಡ್‌ಸ್ಟಾರ್ಟ್‌ಡೆಸ್ಟಿನೇಶನ್ ಬದ್ಲು ನೇರ ಹಾಜರಿ ರೂಟ್ ಹೆಸರೇ ಕೊಟ್ಬಿಡಿ, ಅದು ಯಾವಾಗ್ಲೂ ಸ್ಟ್ಯಾಕಿನ ತಳದಲ್ಲಿ ಇರ್ತದೆ, ಕೆಲಸ ಆಗ್ತದೆ.

ಜೊತೆಗೆ ತೂಕದ ಮೂರು ಸ್ಕ್ರೀನನ್ನ ಒಂದು ನೆಸ್ಟೆಡ್ ಗ್ರಾಫ್ (ಗ್ರಾಫೊಳಗಿನ ಗ್ರಾಫ್) ಒಳಗೆ ಹಾಕಿ. ಇಲ್ಲಾಂದ್ರೆ ಒಳಗಿನ ಸ್ಕ್ರೀನಿಗೆ ಹೋದಾಗ ಕೆಳಗೆ ತೂಕದ ಐಕಾನ್ ಹೈಲೈಟ್ ಹೋಗ್ಬಿಡ್ತದೆ. ಗ್ರಾಫ್ ಇದ್ರೆ ಕರೆಂಟ್ ಡೆಸ್ಟಿನೇಶನ್‌ನ ಹೈರಾರ್ಕಿ ನೋಡಿ ಯಾವ ಟ್ಯಾಬು ಅಂತ ಹೇಳ್ಬೋದು.

ಅಂದಹಾಗೆ ಇದು ಹಳೇ ಪ್ರಾಜೆಕ್ಟ್ ಅಲ್ವಲ್ಲ? ಒಂದೊಂದು ಟ್ಯಾಬಿಗೆ ಒಂದೊಂದು ಬ್ಯಾಕ್‌ಸ್ಟ್ಯಾಕ್ ಅನ್ನೋ ಸೌಕರ್ಯ ಲೈಬ್ರರಿಯೊಳಗೆ ಬಂದಿದ್ದೇ ನ್ಯಾವಿಗೇಶನ್ 2.4 ರಿಂದ. ಅದಕ್ಕೆ ಮುಂಚೆ ಫ್ರ್ಯಾಗ್‌ಮೆಂಟ್ ಕಾಲದಲ್ಲಿ ಗೂಗಲ್ ಸ್ಯಾಂಪಲ್ ರೆಪೋದಿಂದ ಒಂದು ಎಕ್ಸ್‌ಟೆನ್ಶನ್ ಫೈಲ್ ಕಾಪಿ ಹೊಡ್ಕೊಂಡು ಎಲ್ರೂ ಜೀವನ ಮಾಡ್ತಿದ್ವಿ.

ಬೇಲೂರು_ಬಿಲ್ಡ್:
ಇದನ್ನೆಲ್ಲ ಓದಿದ್ರೆ ಫ್ಲಟರ್ (ಆ್ಯಪ್ ಕಟ್ಟೋ ಗೂಗಲ್‌ನ ಇನ್ನೊಂದು ಸಾಧನ) ಎಷ್ಟೋ ವಾಸಿ ಅನ್ಸುತ್ತೆ. ಇಂಡೆಕ್ಸ್ಡ್‌ಸ್ಟ್ಯಾಕ್ ಒಳಗೆ ನಾಲ್ಕೂ ಪೇಜ್ ಹಾಕಿದ್ರೆ ಮುಗೀತು, ಯಾವ್ದೂ ಸಾಯಲ್ಲ.

ಬಿಎಂ_ರೋಡ್_ಬಗ್:
ಸಾಯಲ್ಲ ಅನ್ನೋದೇ ತೊಂದ್ರೆ ಅಲ್ವಾ, ನಾಲ್ಕೂ ಮೊದಲ್ನೇ ದಿನದಿಂದ ಬದುಕಿರ್ತವೆ, ಮಳೆ ಟ್ಯಾಬಲ್ಲಿ ಟೈಮರ್ ಇದ್ರೆ ಕಾಣದೇ ಇದ್ರೂ ಓಡ್ತಾ ಇರ್ತದೆ, ರೇಟಿನ ಎಪಿಐ ಕಾಲ್ (ಸರ್ವರಿಂದ ರೇಟು ತರಿಸೋದು) ಯಾರೂ ನೋಡದೇ ಇದ್ರೂ ಶುರುಲೇ ಹೋಗ್ತದೆ.

ಬೇಲೂರು_ಬಿಲ್ಡ್:
ಒಪ್ದೆ ಸಾರ್, ಬರೀ ಇಂಡೆಕ್ಸ್ಡ್‌ಸ್ಟ್ಯಾಕ್ ಆದ್ರೆ ಹಂಗೇ. ಜೊತೆಗೆ ಅದು ಸ್ಕ್ರೀನನ್ನ ಜೀವಂತ ಇಡುತ್ತೆ ಅಷ್ಟೇ, ಟ್ಯಾಬ್ ಒಳಗಿನ ಸ್ಟ್ಯಾಕಿಗೆ ಒಂದೊಂದು ನ್ಯಾವಿಗೇಟರ್ ಬೇರೆ ಕೊಡ್ಬೇಕು. ಅದಕ್ಕೇ ಈಗ ನಾವು ಫ್ಲಟರಿನ ನ್ಯಾವಿಗೇಶನ್ ಲೈಬ್ರರಿ ಗೋ ರೂಟರ್‌ನ ಸ್ಟೇಟ್‌ಫುಲ್‌ಶೆಲ್‌ರೂಟ್ ಬಳಸ್ತೀವಿ, ಅದರಲ್ಲಿ ಪ್ರತಿ ಬ್ರಾಂಚಿಗೂ (ಟ್ಯಾಬಿಗೊಂದು) ಸ್ವಂತ ನ್ಯಾವಿಗೇಟರು, ಮೊದಲ ಸಲ ಒತ್ತಿದಾಗಲೇ ಆ ಬ್ರಾಂಚ್ ಕಟ್ಟೋದು, ಪ್ರೀಲೋಡ್ ಬೇಕು ಅಂದ್ರೆ ನಾವೇ ಹೇಳ್ಬೇಕು. ಗೋಬ್ರಾಂಚ್ ಕರೆಯುವಾಗ ಇನಿಶಿಯಲ್‌ಲೊಕೇಶನ್ ಜಾಗದಲ್ಲಿ ಒತ್ತಿದ ಇಂಡೆಕ್ಸೂ ಈಗಿರೋ ಇಂಡೆಕ್ಸೂ ಒಂದೇನಾ ಅಂತ ಹಾಕಿದ್ರೆ ಬೇರೆ ಟ್ಯಾಬಿಂದ ಬಂದ್ರೆ ಬಿಟ್ಟ ಜಾಗಕ್ಕೆ, ಅದೇ ಟ್ಯಾಬಲ್ಲಿ ಇದ್ದು ಮತ್ತೆ ಒತ್ತಿದ್ರೆ ಟ್ಯಾಬಿನ ಮೊದಲ ಸ್ಕ್ರೀನಿಗೆ. ನನಗೆ ಅದು ತುಂಬಾ ಹಿಡಿಸ್ತು.

ಫೈನಲ್_ಇಯರ್_ಹಾಸನ:
ಆಟೋಮ್ಯಾಟಿಕ್‌ಕೀಪ್‌ಅಲೈವ್ ಮಿಕ್ಸಿನ್ ಅಂತ ಒಂದಿದೆಯಲ್ಲ ಅಣ್ಣ, ಅದು ಹಾಕಿದ್ರೆ ಆಗಲ್ವಾ

ಬೇಲೂರು_ಬಿಲ್ಡ್:
ಅದು ಪೇಜ್‌ವ್ಯೂ, ಟ್ಯಾಬ್‌ಬಾರ್‌ವ್ಯೂ ಥರ ಸ್ವೈಪ್ ಮಾಡೋ ಕಡೆಗೆ ಕಣೋ. ವಾಂಟ್‌ಕೀಪ್‌ಅಲೈವ್ ಟ್ರೂ ಅಂತ ಹಾಕಿ ಬಿಲ್ಡ್ ಒಳಗೆ ಸೂಪರ್ ಬಿಲ್ಡ್ ಕರೆಯೋದು ಮರೀತಾರೆ ಎಲ್ರೂ. ಬಾಟಮ್ ಬಾರಿಗೆ ಶೆಲ್ ರೂಟೇ ಸರಿ.

ಅರಸೀಕೆರೆ_ಕೊಬ್ಬರಿ:
ರಿಯಾಕ್ಟ್ ನೇಟಿವ್ (ಜಾವಾಸ್ಕ್ರಿಪ್ಟಲ್ಲಿ ಆ್ಯಪ್ ಕಟ್ಟೋದು) ಕಡೆಯಿಂದ ಒಂದು ಮಾತು. ನಮಗೆ ಇದರ ಉಲ್ಟಾ ಗೋಳು. ರಿಯಾಕ್ಟ್ ನ್ಯಾವಿಗೇಶನ್ನಿನ ಬಾಟಮ್ ಟ್ಯಾಬಲ್ಲಿ ಏನೂ ಹೇಳದೇ ಇದ್ರೂ ಒಂದ್ಸಲ ತೆರೆದ ಸ್ಕ್ರೀನ್ ಮೌಂಟ್ ಆಗೇ, ಅಂದ್ರೆ ಜೀವಂತವಾಗೇ, ಇರ್ತದೆ. ಹಂಗಾಗಿ ಕೊಬ್ಬರಿ ರೇಟ್ ತೋರ್ಸೋ ಸ್ಕ್ರೀನಲ್ಲಿ ಯೂಸ್‌ಎಫೆಕ್ಟ್ ಒಳಗೆ ಫೆಚ್ ಹಾಕಿದ್ರೆ ಅದು ಒಂದೇ ಸಲ ಓಡ್ತದೆ, ಬೆಳಿಗ್ಗೆ ತೆರೆದ ರೇಟೇ ಸಾಯಂಕಾಲದ ತನಕ. ತಿಪಟೂರು ಮಾರ್ಕೆಟ್ಟಲ್ಲಿ ಟೆಂಡರ್ ಆದ್ಮೇಲೂ ನಮ್ಮ ಆ್ಯಪಲ್ಲಿ ಹಳೇ ರೇಟ್ ಕಾಣ್ತಿತ್ತು, ಒಬ್ರು ವ್ಯಾಪಾರಿ ಫೋನ್ ಮಾಡಿ ಉಗಿದ್ರು. ಯೂಸ್‌ಫೋಕಸ್‌ಎಫೆಕ್ಟ್‌ಗೆ ಬದಲಾಯಿಸಿದ ಮೇಲೆ ಟ್ಯಾಬ್ ಕಣ್ಣಿಗೆ ಬಿದ್ದಾಗಲೆಲ್ಲ ಹೊಸದು ತರ್ತದೆ.

ಕೆಲವ್ರು ಅನ್‌ಮೌಂಟ್‌ಆನ್‌ಬ್ಲರ್ (ಟ್ಯಾಬ್ ಬಿಟ್ಟ ತಕ್ಷಣ ಸ್ಕ್ರೀನ್ ತೆಗೆಯೋದು) ಹಾಕಿ ಅಂತಾರೆ, ಅದು ಆರನೇ ವರ್ಶನ್ ತನಕ ಇತ್ತು, ಏಳರಲ್ಲಿ ತೆಗೆದಿದಾರೆ, ಬದ್ಲಿಗೆ ಪಾಪ್‌ಟುಟಾಪ್‌ಆನ್‌ಬ್ಲರ್ ಅಂತ ಇದೆ, ಟ್ಯಾಬ್ ಬಿಟ್ಟು ಹೋದಾಗ ಒಳಗಿನ ಸ್ಟ್ಯಾಕ್ ಮಾತ್ರ ಮೊದಲಿಗೆ ಬರ್ತದೆ.

ಕಣದ_ಲೆಕ್ಕ:
ನಮಸ್ಕಾರ ಸಾರ್ ನನಗೆ ಈ ಕೋಡ್ ಗೀಡ್ ಗೊತ್ತಿಲ್ಲ ಸಕಲೇಶಪುರದ ಕಡೆ ತೋಟದಲ್ಲಿ ರೈಟರ್ ಆಗಿದೀನಿ, ನಮ್ಮ ಧಣಿ ಮಗ ಈ ಲಿಂಕ್ ಕಳ್ಸಿ ನಿಮ್ಮ ಕಷ್ಟ ಇಲ್ಲಿ ಬರೀರಿ ಅಂದ್ರು. ನಾವು ಬಳಸೋದು ಬೇರೆ ಆ್ಯಪ್ ಆದ್ರೆ ಕತೆ ಇದೇ. ತೂಕ ಹಿಡಿಯೋದು ಸಾಯಂಕಾಲ, ಆಳುಗಳಿಗೆ ಮನೆಗೆ ಹೋಗೋ ಆತುರ, ಕತ್ತಲೆ ಆಗ್ತಾ ಇರುತ್ತೆ, ಕೈಯೆಲ್ಲ ಹಣ್ಣಿನ ಅಂಟು ಸ್ಕ್ರೀನ್ ಒತ್ತಿದ್ರೆ ಒಂದ್ಸಲ ಹಿಡಿಯುತ್ತೆ ಒಂದ್ಸಲ ಇಲ್ಲ, ಒಬ್ರು ಮೂಟೆ ಎತ್ತಿ ತಕ್ಕಡಿಗೆ ಹಾಕ್ತಾರೆ ನಾನು ಹೆಸರು ಕೂಗಿ ಕೆಜಿ ಬರ್ಕೋಬೇಕು. ಆ ಹೊತ್ತಲ್ಲಿ ಕೆಳಗಿನ ಗುಂಡಿಗೆ ಕೈ ತಾಗಿ ಬೇರೆ ಪೇಜಿಗೆ ಹೋಗ್ಬಿಡುತ್ತೆ, ನಾನಾಗಿ ಹೋಗಿದ್ದಲ್ಲ. ವಾಪಸ್ ಬಂದ್ರೆ ಖಾಲಿ. ಆಗ ಎಲ್ರನ್ನೂ ಮತ್ತೆ ಕರೆದು ನಿಂದೆಷ್ಟು ನಿಂದೆಷ್ಟು ಅಂತ ಕೇಳಿದ್ರೆ ಯಾರು ಕಮ್ಮಿ ಹೇಳ್ತಾರೆ ಹೇಳಿ, ಕೆಜಿ ಲೆಕ್ಕದ ಮೇಲೆ ಬಟವಾಡೆ. ಅದಕ್ಕೆ ನಾನು ಈಗಲೂ ಮೊದಲು ಪುಸ್ತಕದಲ್ಲಿ ಬರೆದು ರಾತ್ರಿ ಮನೇಲಿ ಕೂತು ಆ್ಯಪಿಗೆ ಹಾಕೋದು. ಹೀಗಾದ್ರೆ ಆ್ಯಪ್ ಯಾಕೆ ಬೇಕು ಅಂತ ನಮ್ಮನೆಯವ್ಳು ಕೇಳ್ತಾಳೆ.

ಮೂಡಿಗೆರೆ_ಮಳೆ:
ರೈಟರ್ ಸಾರ್ ಬರೆದಿದ್ದಕ್ಕೆ ತುಂಬಾ ಥ್ಯಾಂಕ್ಸ್. ಕೈ ತಾಗಿ ಹೋಗೋ ವಿಷಯ ನಾನು ಯೋಚನೆನೇ ಮಾಡಿರ್ಲಿಲ್ಲ. ನಿಮ್ಗೆ ವಾಪಸ್ ಬಂದಾಗ ಏನು ಕಾಣ್ಬೇಕು ಅಂತ ಹೇಳಿ, ತೂಕದ್ದೂ ರೇಟಿಂದೂ.

ಕಣದ_ಲೆಕ್ಕ:
ತೂಕದ್ದು ಎಲ್ಲಿ ಬಿಟ್ನೋ ಅಲ್ಲೇ. ಅದೇ ಬ್ಲಾಕು ಅದೇ ಹೆಸರು. ರೇಟು ಮಾತ್ರ ಯಾವಾಗ ತೆಗೆದ್ರೂ ಇವತ್ತಿಂದೇ ಮೇಲೆ ಕಾಣ್ಬೇಕು, ನಿನ್ನೆ ನಾನು ಅರೇಬಿಕಾ ಪಾರ್ಚ್‌ಮೆಂಟ್ ಒಳಗೆ ಹೋಗಿ ಏನೋ ನೋಡಿದ್ದೆ ಅಂತ ಇವತ್ತೂ ಅದನ್ನೇ ತೋರ್ಸಿದ್ರೆ ಹಳೇದಾ ಹೊಸದಾ ಗೊತ್ತಾಗಲ್ಲ. ಮಳೆದು ಹಾಗೆ, ಜೂನ್ ತಿಂಗಳು ನೋಡಿ ಬಿಟ್ಟಿದ್ರೆ ಆಗಸ್ಟಲ್ಲಿ ತೆಗೆದಾಗಲೂ ಜೂನೇ ಇದ್ರೆ ಮಳೆ ಸೆಂಟು (ಇಂಚಿನ ನೂರನೇ ಒಂದು ಪಾಲು) ತಪ್ಪು ತಿಂಗಳಿಗೆ ಬರೀತೀವಿ.

ಬಿಎಂ_ರೋಡ್_ಬಗ್:
ಇಡೀ ಥ್ರೆಡ್ಡಲ್ಲಿ ಕೆಲಸಕ್ಕೆ ಬರೋ ಪೋಸ್ಟ್ ಇದು. ನಾವೆಲ್ಲ ಸ್ಟೇಟ್ ಉಳಿಸ್ಬೇಕಾ ಬೇಡ್ವಾ ಅಂತ ಇಡೀ ಆ್ಯಪಿಗೆ ಒಂದೇ ಉತ್ತರ ಹುಡುಕ್ತೀವಿ. ಟ್ಯಾಬ್ ಟ್ಯಾಬಿಗೂ ಬೇರೆ ಉತ್ತರ ಇರ್ತದೆ, ಒಂದೇ ಟ್ಯಾಬಲ್ಲೂ ಒಂದಷ್ಟು ಉಳೀಬೇಕು, ಒಂದಷ್ಟು ಹೋಗ್ಬೇಕು. ರೇಟು ಟ್ಯಾಬಿಗೆ ರಿಸ್ಟೋರ್‌ಸ್ಟೇಟ್ ಫಾಲ್ಸ್ ಕೊಟ್ರೆ ಯಾವಾಗ್ಲೂ ಮೊದಲ ಪುಟ. ಮಳೆ ಟ್ಯಾಬಿಗೆ ಸ್ಟೇಟ್ ಇರ್ಲಿ, ಆದ್ರೆ ಆರಿಸಿದ ತಿಂಗಳ ಜೊತೆ ಯಾವತ್ತು ಆರಿಸಿದ್ದು ಅಂತಾನೂ ಇಟ್ಕೊಂಡು ದಿನ ಬದಲಾಗಿದ್ರೆ ಈ ತಿಂಗಳಿಗೆ ತನ್ನಿ.

ಹಾಸನ_ಯುಎಕ್ಸ್:
ನಾನು ಡಿಸೈನ್ ಕಡೆಯವಳು. ಇಲ್ಲಿ ಸ್ವಲ್ಪ ಹಳೇ ಕತೆ ಹೇಳ್ಬೇಕು, ಯಾಕಂದ್ರೆ ಆಂಡ್ರಾಯ್ಡ್ ಬಳಸೋರಿಗೂ ಐಫೋನ್ ಬಳಸೋರಿಗೂ ಅಭ್ಯಾಸ ಬೇರೆ ಬೇರೆ ಆಗಿದ್ದಕ್ಕೆ ಕಾರಣ ಇದೆ. ಗೂಗಲ್‌ನ ಮೆಟೀರಿಯಲ್ ಡಿಸೈನ್‌ನ ಹಿಂದಿನ ಗೈಡ್‌ಲೈನಲ್ಲೇ ಇತ್ತು, ಆಂಡ್ರಾಯ್ಡಲ್ಲಿ ಬಾಟಮ್ ಬಾರ್ ಒತ್ತಿದ್ರೆ ಆ ವಿಭಾಗದ ಮೇಲಿನ ಸ್ಕ್ರೀನಿಗೆ ಹೋಗ್ಬೇಕು, ಸ್ಕ್ರಾಲ್ ಎಲ್ಲಾ ರೀಸೆಟ್ ಆಗ್ಬೇಕು, ಐಒಎಸ್‌ನಲ್ಲಿ ಮಾತ್ರ ಬಿಟ್ಟ ಜಾಗಕ್ಕೆ ಅಂತ. ಅದನ್ನ ಓದಿ ಎಷ್ಟೋ ತಂಡಗಳು ಬೇಕಂತಾನೇ ರೀಸೆಟ್ ಮಾಡಿದ್ವು. ಈಗ ಎರಡೂ ಕಡೆ ಜನ ಬಿಟ್ಟ ಜಾಗವನ್ನೇ ನಿರೀಕ್ಷೆ ಮಾಡ್ತಾರೆ. ನನ್ನ ಪ್ರಕಾರ ಬೇರೆ ಟ್ಯಾಬಿಂದ ಬಂದ್ರೆ ಬಿಟ್ಟ ಜಾಗ, ಅದೇ ಟ್ಯಾಬನ್ನ ಮತ್ತೆ ಒತ್ತಿದ್ರೆ ಮೇಲಕ್ಕೆ. ಆದ್ರೆ ತೂಕ ಟ್ಯಾಬಿಗೆ ಈ ಎರಡನೇದು ಬೇಡ ದಯವಿಟ್ಟು! ಅಂಟು ಕೈಲಿ ಎರಡ್ಸಲ ಒತ್ತಿದ್ರೆ ಮೂರು ಸ್ಕ್ರೀನ್ ಹಿಂದಕ್ಕೆ ಹೋಗ್ಬಿಡುತ್ತೆ ಪಾಪ ಅವ್ರು. ಪಟ್ಟಿ ತುಂಬೋ ಸ್ಕ್ರೀನಲ್ಲಿ ಬಾಟಮ್ ಬಾರನ್ನೇ ಮರೆ ಮಾಡಿದ್ರೆ ಹೇಗೆ?

ಮೂಡಿಗೆರೆ_ಮಳೆ:
ಮರೆ ಮಾಡಿದ್ರೆ ಧಣಿ ಫೋನ್ ಬಂದಾಗ ರೇಟು ನೋಡಕ್ಕೆ ಆಗಲ್ವಲ್ಲ ಮೇಡಂ.

ಹಾಸನ_ಯುಎಕ್ಸ್:
ಹಾಗಾದ್ರೆ ಇರ್ಲಿ, ಪಟ್ಟಿ ಪೂರ್ತಿ ಆಗಿಲ್ಲ ಅಂತ ತೂಕದ ಐಕಾನ್ ಮೇಲೆ ಒಂದು ಚುಕ್ಕೆ ಹಾಕಿ. ಹೋದ್ರೂ ಅಲ್ಲಿ ಏನೋ ಬಾಕಿ ಇದೆ ಅಂತ ಕಾಣುತ್ತೆ.

ಶಿರಾಡಿ_ಸ್ವಿಫ್ಟ್:
ಐಒಎಸ್ ಹೆಸರು ಬಂತಲ್ಲ ಅದಕ್ಕೆ. ಆಪಲ್‌ನ ಹಳೇ ಯುಐಕಿಟ್ಟಲ್ಲಿ ಟ್ಯಾಬ್ ಬಾರ್ ಕಂಟ್ರೋಲರ್ ಒಳಗೆ ಟ್ಯಾಬಿಗೊಂದು ನ್ಯಾವಿಗೇಶನ್ ಕಂಟ್ರೋಲರ್ ಇಡೋದು ಮೊದಲಿಂದ ರೂಢಿ, ಹಾಗಾಗಿ ಈ ತಲೆನೋವೇ ಇರ್ಲಿಲ್ಲ. ಸ್ವಿಫ್ಟ್‌ಯುಐಗೆ ಬಂದ್ಮೇಲೆ ಕೆಲವ್ರು ನ್ಯಾವಿಗೇಶನ್‌ಸ್ಟ್ಯಾಕ್ ಹೊರಗೆ, ಟ್ಯಾಬ್‌ವ್ಯೂ ಒಳಗೆ ಹಾಕ್ತಾರೆ, ಆಗ ಎಲ್ಲಾ ಟ್ಯಾಬಿಗೂ ಒಂದೇ ಸ್ಟ್ಯಾಕು, ಒಳಗಿನ ಸ್ಕ್ರೀನಿಗೆ ಹೋದ್ರೆ ಕೆಳಗಿನ ಬಾರೇ ಕಾಣಲ್ಲ. ಉಲ್ಟಾ ಹಾಕಿ, ಟ್ಯಾಬ್‌ವ್ಯೂ ಹೊರಗೆ, ಪ್ರತಿ ಟ್ಯಾಬಿಗೂ ಒಂದು ಸ್ಟ್ಯಾಕು, ಅದರ ಪಾತ್ ನಿಮ್ಮ ಕೈಲಿ. ಐಒಎಸ್ 16 ರಿಂದ ಇದೆ ಇದು.

ಮೂಡಿಗೆರೆ_ಮಳೆ:
ಅಪ್ಡೇಟ್. ಹಾಜರಿನ ಸ್ಟಾರ್ಟ್ ಮಾಡಿದೆ, ನೆಸ್ಟೆಡ್ ಗ್ರಾಫ್ ಹಾಕಿದೆ, ಟ್ಯಾಬ್ ಬದಲಾಯಿಸಿದ್ರೆ ಈಗ ಪಟ್ಟಿ ಹಾಗೇ ಇದೆ. ಆದ್ರೆ ಫೋನ್ ಕಾಲ್ ಬಂದು ಹತ್ತು ನಿಮಿಷ ಮಾತಾಡಿ ವಾಟ್ಸಾಪಲ್ಲಿ ಫೋಟೋ ಗೀಟೋ ಕಳ್ಸಿ ವಾಪಸ್ ಬಂದ್ರೆ ಒಂದೊಂದ್ಸಲ ಸ್ಕ್ರೀನ್ ಅದೇ ಇರ್ತದೆ, ನಂಬರ್ ಮಾತ್ರ ಖಾಲಿ. ನಂಬರೆಲ್ಲ ವ್ಯೂಮಾಡೆಲ್‌ನಲ್ಲಿ (ಸ್ಕ್ರೀನಿನ ಡೇಟಾ ಹಿಡ್ಕೊಂಡಿರೋ ಕೋಡ್) ಒಂದು ಮ್ಯಾಪಲ್ಲಿ ಇಟ್ಟಿದೀನಿ.

ಬಿಎಂ_ರೋಡ್_ಬಗ್:
ಅದು ಪ್ರೋಸೆಸ್ ಡೆತ್. ಕಮ್ಮಿ ರ್‍ಯಾಮ್ ಇರೋ ಫೋನಲ್ಲಿ ಕ್ಯಾಮೆರಾ ತೆರೆದ್ರೆ ಸಾಕು, ಹಿಂದಿರೋ ಆ್ಯಪನ್ನ ಸಿಸ್ಟಮ್ ಕೊಂದು ಹಾಕ್ತದೆ. ಬ್ಯಾಕ್‌ಸ್ಟ್ಯಾಕ್ ಅನ್ನೋದು ಸೇವ್ಡ್ ಸ್ಟೇಟ್ ಬಂಡಲ್ಲಲ್ಲಿ (ಸಿಸ್ಟಮ್ ಎತ್ತಿಡೋ ಚಿಕ್ಕ ಗಂಟು) ಇರ್ತದೆ, ಅದಕ್ಕೆ ಸ್ಕ್ರೀನ್ ವಾಪಸ್ ಬಂತು. ವ್ಯೂಮಾಡೆಲ್ ಮೆಮೊರಿಲಿ ಇರೋದು, ಪ್ರೋಸೆಸ್ ಜೊತೆಗೇ ಹೋಯ್ತು. ಟ್ಯಾಬ್ ಬದಲಾದ್ರೆ, ಫೋನ್ ಅಡ್ಡ ತಿರುಗಿಸಿದ್ರೆ ವ್ಯೂಮಾಡೆಲ್ ಉಳೀತದೆ, ಇದಕ್ಕೆ ಉಳಿಯಲ್ಲ. ಕಂಪೋಸಿನ ಬರೀ ರಿಮೆಂಬರ್ ಅಂತೂ ಟ್ಯಾಬ್ ಬದಲಾದ್ರೇ ಹೋಗ್ತದೆ, ರಿಮೆಂಬರ್‌ಸೇವಬಲ್ ಬೇಕು.

ಫೈನಲ್_ಇಯರ್_ಹಾಸನ:
ಹಂಗಾದ್ರೆ ಆ ಮ್ಯಾಪನ್ನ ಪೂರ್ತಿ ಸೇವ್ಡ್‌ಸ್ಟೇಟ್‌ಹ್ಯಾಂಡಲ್‌ಗೆ ಹಾಕ್ಬಿಟ್ರೆ ಆಯ್ತಲ್ಲ?

ಬಿಎಂ_ರೋಡ್_ಬಗ್:
ಹಾಕ್ಬೋದು, ಹಾಕ್ಬಾರ್ದು. ಅಲ್ಲಿ ಹಾಕಿದ್ದೂ ಆ ಬಂಡಲ್ಲಿಗೇ ಸೇರ್ತದೆ, ಅದು ಬೈಂಡರ್ (ಪ್ರೋಸೆಸ್‌ಗಳ ನಡುವಿನ ಸಾಗಣೆ) ಮೂಲಕ ಸಿಸ್ಟಮ್ ಪ್ರೋಸೆಸ್ಸಿಗೆ ಹೋಗ್ತದೆ, ಬೈಂಡರ್ ಬಫರ್ ಒಂದು ಪ್ರೋಸೆಸ್ಸಿಗೆಲ್ಲ ಸೇರಿ 1 ಎಂಬಿ. ಪಟ್ಟಿ ಬೆಳೆದಂಗೆಲ್ಲ, ಟ್ಯಾಬ್ ಟ್ಯಾಬಿನ ಸ್ಟೇಟೂ ಸೇರಿ ತುಂಬಿದಂಗೆಲ್ಲ ಒಂದಿನ ಟ್ರಾನ್ಸಾಕ್ಷನ್ ಟೂ ಲಾರ್ಜ್ ಅಂತ ಬಿದ್ದೋಗ್ತದೆ, ಅದೂ ಆ್ಯಪನ್ನ ಮಿನಿಮೈಸ್ ಮಾಡಿದಾಗ, ಯಾವ ಬಟನ್ ಒತ್ತಿದ್ದಕ್ಕೆ ಬಿತ್ತು ಅಂತ ಬಳಸೋನಿಗೆ ಹೇಳಕ್ಕೂ ಆಗಲ್ಲ. ಅಲ್ಲಿ ಇಡ್ಬೇಕಾಗಿರೋದು ಚಿಕ್ಕ ಚಿಕ್ಕದು, ಬ್ಲಾಕಿನ ಐಡಿ, ತಾರೀಖು, ಹುಡುಕಿದ ಪದ ಅಷ್ಟೇ.

ಇನ್ನು ನನ್ನ ಅಭಿಪ್ರಾಯ ನೇರವಾಗಿ ಹೇಳ್ಬಿಡ್ತೀನಿ, ಒಬ್ಬ ಆಳು ಕುಯ್ದ ಕೆಜಿ ಅನ್ನೋದು ಸ್ಕ್ರೀನಿನ ಸ್ಟೇಟೇ ಅಲ್ಲ. ಅದು ಲೆಕ್ಕ. ಅವನ ಕೂಲಿ ಅದರ ಮೇಲೆ ನಿಂತೈತೆ. ಅದನ್ನ ಸಬ್ಮಿಟ್ ಒತ್ತೋ ತನಕ ಮೆಮೊರಿಲಿ ಇಟ್ಕೊಂಡು ಯಾವ ಎಪಿಐ ಉಳಿಸ್ತದೆ ಅಂತ ಹುಡುಕೋದೇ ತಪ್ಪು ದಾರಿ. ಒಂದೊಂದು ನಂಬರ್ ಹಾಕಿದ ತಕ್ಷಣ ರೂಮ್ ಡೇಟಾಬೇಸಿಗೆ ಡ್ರಾಫ್ಟ್ ಅಂತ ಬರೆದ್ಬಿಡಿ, ಸ್ಕ್ರೀನು ಅದನ್ನ ಫ್ಲೋ (ಬದಲಾದಾಗೆಲ್ಲ ಹೊಸದು ಕೊಡೋ ಹರಿವು) ಮೂಲಕ ಓದ್ಲಿ. ಆಮೇಲೆ ಟ್ಯಾಬ್ ಬದಲಾಗ್ಲಿ, ಪ್ರೋಸೆಸ್ ಸಾಯ್ಲಿ, ರೀಸೆಂಟ್ಸಿಂದ ಸ್ವೈಪ್ ಮಾಡಿ ಕಿತ್ತಾಕ್ಲಿ, ಬ್ಯಾಟರಿ ಹೋಗ್ಲಿ, ಪಟ್ಟಿ ಇರ್ತದೆ. ಸ್ವೈಪ್ ಮಾಡಿದ್ರೆ ಸೇವ್ಡ್ ಸ್ಟೇಟೂ ಹೋಗ್ತದೆ ನೆನಪಿರ್ಲಿ, ಸಾಯಂಕಾಲ ಎಲ್ರೂ ಫೋನ್ ಸ್ಲೋ ಅಂತ ಅದನ್ನೇ ಮಾಡೋದು.

ಕಡೂರು_ಕಾಟ್ಲಿನ್:
ಟೆಸ್ಟ್ ಮಾಡೋಕೆ ಡೆವಲಪರ್ ಆಪ್ಷನ್ಸಲ್ಲಿ ಡೋಂಟ್ ಕೀಪ್ ಆಕ್ಟಿವಿಟೀಸ್ ಆನ್ ಮಾಡಿ ಅಂತ ಎಲ್ಲಾ ಕಡೆ ಬರೀತಾರೆ, ಅದು ಆಕ್ಟಿವಿಟಿ (ಆ್ಯಪಿನ ಕಿಟಕಿ) ಮಾತ್ರ ಕೆಡವುತ್ತೆ, ಪ್ರೋಸೆಸ್ ಬದುಕಿರುತ್ತೆ, ಸಿಂಗಲ್‌ಟನ್ ಒಳಗೆ ಬಚ್ಚಿಟ್ಟಿದ್ದು ಹಾಗೇ ಉಳಿದು ಎಲ್ಲಾ ಸರಿ ಇದೆ ಅನ್ಸುತ್ತೆ. ನಿಜವಾಗಿ ನೋಡ್ಬೇಕು ಅಂದ್ರೆ ಹೋಮ್ ಒತ್ತಿ ಆ್ಯಪನ್ನ ಹಿಂದಕ್ಕೆ ಕಳ್ಸಿ ಎಡಿಬಿ (ಕಂಪ್ಯೂಟರಿಂದ ಫೋನಿಗೆ ಆಜ್ಞೆ ಕೊಡೋ ಸಾಧನ) ಶೆಲ್ಲಲ್ಲಿ ಎಎಂ ಕಿಲ್ ಕೊಟ್ಟು ಪ್ಯಾಕೇಜ್ ಹೆಸರು ಹಾಕಿ, ಆಮೇಲೆ ರೀಸೆಂಟ್ಸಿಂದ ತೆರೀರಿ. ಫೋರ್ಸ್ ಸ್ಟಾಪ್ ಕೊಡ್ಬೇಡಿ, ಅದು ಬೇರೆ, ಅದರಲ್ಲಿ ಸೇವ್ಡ್ ಸ್ಟೇಟೂ ಹೋಗುತ್ತೆ.

ಇನ್ನೊಂದು ಗುಂಡಿ ಇದೆ ನೀವು ಬೀಳೋಕೆ ಮುಂಚೆ ಹೇಳ್ತೀನಿ. ರೇಟು ಬಂತು ಅಂತ ನೋಟಿಫಿಕೇಶನ್ ಕಳಿಸ್ತೀರಾ?

ಮೂಡಿಗೆರೆ_ಮಳೆ:
ಕಳಿಸ್ತೀನಿ, ಒತ್ತಿದ್ರೆ ಸೀದಾ ಆ ರೇಟಿನ ವಿವರಕ್ಕೆ ಹೋಗ್ತದೆ. ನ್ಯಾವ್‌ಡೀಪ್‌ಲಿಂಕ್‌ಬಿಲ್ಡರ್.

ಕಡೂರು_ಕಾಟ್ಲಿನ್:
ಅದೇ ಗುಂಡಿ. ಆ ಬಿಲ್ಡರ್ ಕೊಡೋದು ಎಕ್ಸ್‌ಪ್ಲಿಸಿಟ್ ಡೀಪ್ ಲಿಂಕು (ಒಳಗಿನ ಸ್ಕ್ರೀನಿಗೆ ಸೀದಾ ಹೋಗೋ ಕೊಂಡಿ), ಅದನ್ನ ಒತ್ತಿದ್ರೆ ಇರೋ ಬ್ಯಾಕ್‌ಸ್ಟ್ಯಾಕ್ ಪೂರ್ತಿ ಅಳಿಸಿ ಡೀಪ್ ಲಿಂಕಿಂದನ್ನ ಕೂರಿಸುತ್ತೆ, ಅದು ಹಾಗೇ ಮಾಡಬೇಕು ಅಂತಾನೇ ಇರೋದು. ರೈಟರ್ ಸಾರ್ ಪಟ್ಟಿ ತುಂಬೋವಾಗ ನೋಟಿಫಿಕೇಶನ್ ಬಂದು ಕೈ ತಾಗಿದ್ರೆ ತೂಕದ ಸ್ಟ್ಯಾಕ್ ಕ್ಲೀನ್. ಅದಕ್ಕೆ ಮಾಮೂಲಿ ಇಂಟೆಂಟ್ ಕಳ್ಸಿ, ಆಕ್ಟಿವಿಟಿ ಸಿಂಗಲ್‌ಟಾಪ್ ಇರ್ಲಿ, ಆನ್‌ನ್ಯೂಇಂಟೆಂಟ್ ಒಳಗೆ ಹಿಡಿದು ಟ್ಯಾಬ್ ಒತ್ತಿದಾಗ ಏನು ಫಂಕ್ಷನ್ ಕರೀತೀರೋ ಅದನ್ನೇ ಕರೆದು ಆಮೇಲೆ ವಿವರದ ಸ್ಕ್ರೀನಿಗೆ ಹೋಗಿ. ಆಗ ತೂಕದ್ದು ಸೇವ್ ಆಗೇ ಹೋಗುತ್ತೆ.

ಅರಸೀಕೆರೆ_ಕೊಬ್ಬರಿ:
ಲಾಗೌಟ್ ಬಗ್ಗೆ ಯಾರೂ ಹೇಳ್ಲಿಲ್ಲ. ಒಂದೇ ಫೋನನ್ನ ಇಬ್ರು ಬಳಸ್ತಾರೆ ನಮ್ಮ ಕಡೆ, ಒಬ್ಬ ಲಾಗೌಟ್ ಆಗಿ ಇನ್ನೊಬ್ಬ ಒಳಗೆ ಬಂದು ಟ್ಯಾಬ್ ಒತ್ತಿದ್ರೆ ಮೊದಲ್ನೇವ್ನು ಬಿಟ್ಟ ಸ್ಕ್ರೀನೇ ತೆಕ್ಕೊಂಡ್ರೆ?

ಬಿಎಂ_ರೋಡ್_ಬಗ್:
ಒಳ್ಳೇ ಪಾಯಿಂಟ್. ನ್ಯಾವ್‌ಕಂಟ್ರೋಲರಲ್ಲಿ ಕ್ಲಿಯರ್‌ಬ್ಯಾಕ್‌ಸ್ಟ್ಯಾಕ್ ಅಂತ ಐತೆ, ಪಾಪ್ ಮಾಡಿ ಎತ್ತಿಟ್ಟ ಟ್ಯಾಬಿನ ಸ್ಟೇಟ್ ಅಳ್ಸಕ್ಕೆ. ಲಾಗೌಟಲ್ಲಿ ಪ್ರತಿ ಟ್ಯಾಬಿನ ರೂಟಿಗೂ ಒಂದೊಂದ್ಸಲ ಕರೀರಿ. ಡ್ರಾಫ್ಟ್ ಟೇಬಲ್ಲಿಗೂ ಯೂಸರ್ ಐಡಿ ಕಾಲಂ ಬೇಕು, ಅಳಿಸ್ಬೇಡಿ ಅದನ್ನ, ಅವ್ನು ನಾಳೆ ಬಂದಾಗ ಬೇಕು.

ಫೈನಲ್_ಇಯರ್_ಹಾಸನ:
ಈಗ ನ್ಯಾವಿಗೇಶನ್ 3 ಅಂತ ಬಂದಿದೆಯಲ್ಲ, ಅದಕ್ಕೆ ಹೋದ್ರೆ ಇದೆಲ್ಲ ಇರಲ್ಲ ಅಂತಾರೆ

ಕಡೂರು_ಕಾಟ್ಲಿನ್:
ಇರುತ್ತೆ, ನಿನ್ನ ಕೈಗೆ ಬರುತ್ತೆ ಅಷ್ಟೇ. ಅದರಲ್ಲಿ ಬ್ಯಾಕ್‌ಸ್ಟ್ಯಾಕ್ ಅಂದ್ರೆ ನೀನೇ ಇಟ್ಕೊಂಡಿರೋ ಒಂದು ಲಿಸ್ಟು. ಟ್ಯಾಬಿಗೊಂದು ಲಿಸ್ಟ್ ಇಟ್ಕೊಂಡು ಯಾವ್ದು ತೋರ್ಸೋದು ಅಂತ ನೀನೇ ಹೇಳೋದು. ಪಾಪ್‌ಅಪ್‌ಟು ಮಂತ್ರ ಇಲ್ಲ, ಆ ಸುಖ ಇದೆ. ಪ್ರತಿ ಎಂಟ್ರಿಗೂ ವ್ಯೂಮಾಡೆಲ್ ಬೇಕಂದ್ರೆ ಅದಕ್ಕೊಂದು ಡೆಕೋರೇಟರ್ ಸೇರಿಸ್ಬೇಕು, ಮರೆತ್ರೆ ಹೋಯ್ತು. ಓಡ್ತಿರೋ ಆ್ಯಪನ್ನ ಕುಯ್ಲಿನ ಮಧ್ಯೆ ಬದಲಾಯಿಸೋ ಕೆಲಸ ಅಲ್ಲ ಅದು.

ಮೂಡಿಗೆರೆ_ಮಳೆ:
ರೂಮಿಗೆ ಬರೆಯೋದು ಆಯ್ತು, ಎಎಂ ಕಿಲ್ ಕೊಟ್ಟು ನೋಡ್ದೆ, ನಂಬರ್ ಎಲ್ಲಾ ಇದೆ. ಈಗ ಉಳಿದಿರೋದು ಎರಡು. ಒಂದು, ಹೆಸರಿನ ಪಟ್ಟಿ ಉದ್ದ ಇದ್ರೆ ಟ್ಯಾಬ್ ಬದಲಾಯಿಸಿ ಬಂದಾಗ ಸ್ಕ್ರಾಲ್ ಮೇಲಕ್ಕೆ ಹೋಗಿರ್ತದೆ, ಲೇಜಿಲಿಸ್ಟ್‌ಸ್ಟೇಟ್ (ಸ್ಕ್ರಾಲ್ ಎಲ್ಲಿತ್ತು ಅನ್ನೋದು) ತಾನಾಗೇ ಉಳೀಬೇಕಲ್ವಾ.

ಬಿಎಂ_ರೋಡ್_ಬಗ್:
ಉಳೀತದೆ, ಆದ್ರೆ ವಾಪಸ್ ಬಂದ ಮೊದಲ ಫ್ರೇಮಲ್ಲಿ ಪಟ್ಟಿ ಖಾಲಿ ಇದ್ರೆ ಅದು ನಲವತ್ತನೇ ಸಾಲಿಗೆ ಹೋಗೋದಾದ್ರೂ ಹೆಂಗೆ? ಸೊನ್ನೆಗೆ ಬರ್ತದೆ. ಡೇಟಾಬೇಸಿಂದ ಬರೋ ಫ್ಲೋನ ವ್ಯೂಮಾಡೆಲ್‌ನಲ್ಲಿ ಸ್ಟೇಟ್‌ಇನ್ ಮಾಡಿ, ವೈಲ್‌ಸಬ್‌ಸ್ಕ್ರೈಬ್ಡ್ 5000 ಕೊಡಿ. ಐದು ಸೆಕೆಂಡ್ ಆದ್ಮೇಲೆ ಮೇಲಿನ ಫ್ಲೋ ನಿಂತ್ರೂ ಕೊನೇ ಬಂದ ಪಟ್ಟಿ ಅಲ್ಲೇ ಇರ್ತದೆ, ವಾಪಸ್ ಬಂದ ತಕ್ಷಣ ಅದೇ ಸಿಗ್ತದೆ, ಸ್ಕ್ರಾಲೂ ಜಾಗಕ್ಕೆ ಬರ್ತದೆ. ಪ್ರೋಸೆಸ್ ಸತ್ತು ಬಂದಾಗ ಮಾತ್ರ ಪಟ್ಟಿ ಬರೋ ತನಕ ಲೇಜಿಕಾಲಮ್ ತೋರಿಸ್ಬೇಡಿ, ಲೋಡಿಂಗ್ ತೋರ್ಸಿ. ರೇಟಿನ ಸ್ಕ್ರೀನಿಗೂ ಇದೇ ಮಾಡಿದ್ರೆ ಒಂದು ಕ್ಷಣ ಹಳೇ ರೇಟು ಕಾಣ್ತದೆ, ಹಂಗಾಗಿ ಎಷ್ಟು ಗಂಟೇದು ಅಂತ ಪಕ್ಕದಲ್ಲಿ ಹಾಕೋದು ಮರೀಬೇಡಿ.

ಮೂಡಿಗೆರೆ_ಮಳೆ:
ಆಯ್ತು ಸರಿ ಹೋಯ್ತು. ಎರಡನೇದು, ರೇಟಿಂದ ಬ್ಯಾಕ್ ಒತ್ತಿದ್ರೆ ತೂಕಕ್ಕೆ ಹೋಗದೆ ಹಾಜರಿಗೆ ಹೋಗ್ತದೆ, ಮುಂಚೆ ಇದ್ದಿದ್ದು ತೂಕ ಅಲ್ವಾ. ಹಿಂದಿನ ಟ್ಯಾಬಿಗೇ ಹೋಗೋ ಹಾಗೆ ಮಾಡ್ಬೇಕಾ?

ಅರಸೀಕೆರೆ_ಕೊಬ್ಬರಿ:
ರಿಯಾಕ್ಟ್ ನ್ಯಾವಿಗೇಶನಲ್ಲಿ ಬ್ಯಾಕ್‌ಬಿಹೇವಿಯರ್ ಅಂತ ಪ್ರಾಪ್ ಇದೆ, ಡೀಫಾಲ್ಟ್ ಮೊದಲ ಟ್ಯಾಬಿಗೆ, ಹಿಸ್ಟರಿ ಅಂತ ಕೊಟ್ರೆ ಬಂದ ದಾರಿಲೇ ವಾಪಸ್. ನಾನು ಡೀಫಾಲ್ಟೇ ಬಿಟ್ಟಿದೀನಿ, ಹಿಸ್ಟರಿ ಕೊಟ್ರೆ ಹೊರಗೆ ಹೋಗಕ್ಕೆ ಇನ್ನೂ ಜಾಸ್ತಿ ಸಲ ಒತ್ತಬೇಕಾಗ್ಬೋದು.

ಬಿಎಂ_ರೋಡ್_ಬಗ್:
ಆಂಡ್ರಾಯ್ಡಲ್ಲೂ ಸ್ಟಾರ್ಟ್ ಟ್ಯಾಬಿಗೆ ಬಂದು ಅಲ್ಲಿಂದ ಹೊರಗೆ ಹೋಗೋದೇ ಪದ್ಧತಿ. ಹಂಗೇ ಬಿಡಿ. ಬೇಕಾದ್ರೆ ರೈಟರ್ ಸಾರ್‌ನೇ ಕೇಳಿ, ಅವ್ರು ಏನಂತಾರೆ.

ಕಣದ_ಲೆಕ್ಕ:
ಬ್ಯಾಕ್ ಗುಂಡಿ ನಾನು ಮುಟ್ಟೋದೇ ಇಲ್ಲ ಸಾರ್ ಅದು ಒತ್ತಿದ್ರೆ ಏನಾಗುತ್ತೋ ಅಂತ ಹೆದರಿಕೆ, ಕೆಳಗಿನ ನಾಲ್ಕು ಗುಂಡಿ ಸರಿ ಇದ್ರೆ ಸಾಕು. ನಿಮ್ಮ ಆ್ಯಪ್ ಆದ್ಮೇಲೆ ನಮ್ಮ ಧಣಿ ಮಗನಿಗೆ ಲಿಂಕ್ ಕಳ್ಸಿ ನೋಡ್ತೀನಿ. ಅಂದಹಾಗೆ ಮಳೆದ್ರಲ್ಲಿ ಇಂಚು ಬೇರೆ ಸೆಂಟು ಬೇರೆ ಎರಡು ಡಬ್ಬಿ ಕೊಡಿ ದಯವಿಟ್ಟು, ನಾವು ಬಳಸೋದ್ರಲ್ಲಿ ಚುಕ್ಕಿ ಹಾಕಿ ಬರೀಬೇಕು, ಬೆಳಿಗ್ಗೆ ಕನ್ನಡಕ ಇಲ್ದೆ ಆ ಚುಕ್ಕಿ ಬಿದ್ದಿದ್ಯೋ ಇಲ್ವೋ ಕಾಣಲ್ಲ.

ಮೂಡಿಗೆರೆ_ಮಳೆ:
ಎರಡು ಡಬ್ಬಿ ಮಾಡ್ತೀನಿ ಸಾರ್, ದೊಡ್ಡದಾಗೇ ಮಾಡ್ತೀನಿ. ಬೇಲೂರಿನವರೇ ಆ ಗೋಬ್ರಾಂಚ್ ಕೋಡ್ ಒಂದು ಹಾಕಿ ಇಲ್ಲಿ, ಅದೇ ಟ್ಯಾಬ್ ಮತ್ತೆ ಒತ್ತಿದಾಗಿಂದು ರೇಟು ಟ್ಯಾಬಿಗೆ ಮಾತ್ರ ನಾನೂ ಹಾಗೇ ಹಾಕ್ಬೇಕು ಅಂತಿದೀನಿ.